ಕೆಸು ಬೆಳೆದವರ ಕಾಲುವೆ

ಹೂತುಹೋದ ಕಾಲುವೆ ಮೇಲಿನಿಂದ ಕಾಣುವುದಿಲ್ಲ. ಅದರ ಮೇಲೆ ಹುಲ್ಲು ಬೆಳೆದಿರುತ್ತದೆ, ದನ ಓಡಾಡಿರುತ್ತವೆ, ಕೆಲವು ಕಡೆ ಮನೆಯೇ ಎದ್ದಿರುತ್ತದೆ. ಅದು ಕಾಣಬೇಕೆಂದರೆ ಅದನ್ನು ಅಡ್ಡಕ್ಕೆ ಕತ್ತರಿಸುವ ಇನ್ನೊಂದು ಕಾಲುವೆ ಬೇಕು. ಹೊಸ ಕಾಲುವೆಯ ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದು, ಮಣ್ಣಿನ ಹಸಿ ಆರುವ ಮೊದಲೇ ನೋಡಿದರೆ, ಹಳೆಯದು ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಇಳಿಜಾರಾದ ಎರಡು ಬದಿ, ತಳದಲ್ಲಿ ನಿಂತ ನೀರು ಬಿಟ್ಟುಹೋದ ಕಪ್ಪು ರಾಡಿ, ಅದರ ಮೇಲೆ ಮಳೆಗಾಲ ಮಳೆಗಾಲಕ್ಕೂ ಕುಸಿದು ತುಂಬಿದ ಮಣ್ಣು. ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ ಮಳೆನೀರಿನ ಚರಂಡಿ ಹಾಕಿಸುವುದು ನನ್ನ ಉದ್ಯೋಗ. ಇಂಥ ಗೋಡೆಗಳ ಮುಂದೆ ನಿಂತೇ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಹಾಗಾಗಿ, ಬರೀ ಹೂತ ಕಾಲುವೆಗಳನ್ನು ಓದಿಯೇ ಮನುಷ್ಯನ ಬೇಸಾಯದ ಚರಿತ್ರೆಗೆ ಒಂದು ಹೊಸ ತವರನ್ನು ಸೇರಿಸಿದ ಪುರಾತತ್ವಜ್ಞನೊಬ್ಬ ಈ ದೇಶದಲ್ಲಿದ್ದ ಎಂದು ತಿಳಿದಾಗ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವನ ಹೆಸರು ಜ್ಯಾಕ್ ಗೋಲ್ಸನ್.

ಗೋಲ್ಸನ್ ಹುಟ್ಟಿದ್ದು 1926ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಬದಲು ಕಲ್ಲಿದ್ದಲ ಗಣಿಗೆ ಕಳುಹಿಸಲ್ಪಟ್ಟ ಹುಡುಗರಲ್ಲಿ ಅವನೂ ಒಬ್ಬ. ಆಮೇಲೆ ಕೇಂಬ್ರಿಜ್‌ನಲ್ಲಿ ಚರಿತ್ರೆ, ಪುರಾತತ್ವ ಓದಿದ. ಯಾರ್ಕ್‌ಶೈರಿನ ವಾರಮ್ ಪರ್ಸಿ ಎಂಬ ಹಾಳುಬಿದ್ದ ಮಧ್ಯಕಾಲೀನ ಹಳ್ಳಿಯಲ್ಲಿ ಅಗೆಯುವುದನ್ನು ಕಲಿತ. ಡೆನ್ಮಾರ್ಕಿನ ಆಕ್ಸೆಲ್ ಸ್ಟೀನ್ಸ್‌ಬರ್ಗ್ ರೈತರ ಮನೆ, ಹೊಲಗಳನ್ನು ಅಗಲವಾಗಿ ತೆರೆದು ಪದರ ಪದರವಾಗಿ ಎತ್ತುವ ಕ್ರಮವೊಂದನ್ನು ರೂಢಿಸಿದ್ದ; ಅದನ್ನೂ ಗೋಲ್ಸನ್ ಕಲಿತ. ಅರಸರ ಗೋರಿ, ಚಿನ್ನ, ಶಾಸನ ಇವು ಅವನ ಪಾಲಿಗೆ ಮೊದಲಿನಿಂದಲೂ ಬರಲಿಲ್ಲ. ಅವನ ಪಾಲಿಗೆ ಬಂದದ್ದು ಉಳುಮೆಯ ಗುರುತು, ಮನೆಯ ತಳಪಾಯ, ತಿಪ್ಪೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ನ್ಯೂಗಿನಿಯ ಜೌಗಿನಲ್ಲಿ ಅವನಿಗೆ ಕಂಡದ್ದು ಬೇರೆ ಬಗೆಯ ತರಬೇತಿ ಪಡೆದವನಿಗೆ ಕಾಣುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

1954ರಲ್ಲಿ ಅವನು ನ್ಯೂಜಿಲೆಂಡಿನ ಆಕ್ಲೆಂಡಿಗೆ ಅಧ್ಯಾಪಕನಾಗಿ ಬಂದ. ಅಲ್ಲಿಂದ ಸಾಮೋವಾ, ಟೋಂಗಾ, ನ್ಯೂ ಕ್ಯಾಲೆಡೋನಿಯಾ ದ್ವೀಪಗಳಲ್ಲಿ ಅಗೆದ. ಪೆಸಿಫಿಕ್‌ನ ಆ ಉದ್ದಗಲದಲ್ಲಿ ಚುಕ್ಕೆ ಚುಕ್ಕೆ ಅಲಂಕಾರದ ಮಡಕೆ ಚೂರುಗಳು ಸಿಗುತ್ತವೆ. ಲಾಪಿಟಾ ಎಂದು ಹೆಸರು ಪಡೆದ ಆ ಮಡಕೆಗಳ ಹಿಂದೆ ಒಂದೇ ನಂಟಿನ ಜನ ಇದ್ದರು, ದೋಣಿಯಲ್ಲಿ ಗಡ್ಡೆ, ಸಸಿ, ಹಂದಿ, ಕೋಳಿ ಹೊತ್ತು ದ್ವೀಪದಿಂದ ದ್ವೀಪಕ್ಕೆ ಹೋಗಿ ನೆಲೆಸಿದರು ಎಂಬ ಚಿತ್ರ ಮೂಡಿಬಂದದ್ದು ಆ ಕಾಲದ ಕೆಲಸದಿಂದ. 1961ರಲ್ಲಿ ಅವನು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ವಿಶ್ವವಿದ್ಯಾಲಯ ಸೇರಿದ. ಸಿಡ್ನಿ, ಮೆಲ್ಬರ್ನ್ ಎರಡೂ ರಾಜಧಾನಿ ತಮಗೇ ಬೇಕೆಂದು ಹಟ ಹಿಡಿದಿದ್ದರಿಂದ ನಡುವೆ ಹುಟ್ಟಿಕೊಂಡ ಊರು ಕ್ಯಾನ್‌ಬೆರಾ. ಈ ವಿದ್ಯೆಯ ಮಟ್ಟಿಗೂ ಅದು ನಡುಮನೆಯಾಯಿತು. ಅಗೆತದ ಯೋಜನೆ ಅಲ್ಲಿ ಹುಟ್ಟುತ್ತಿತ್ತು, ಅದಕ್ಕೆ ಬೇಕಾದ ಎಷ್ಟೋ ಕೈ, ಕಣ್ಣು ಈ ಎರಡು ನಗರಗಳಿಂದ ಬರುತ್ತಿದ್ದವು.

ಗೋಲ್ಸನ್‌ನ ಕೆಲಸದ ಬೆಲೆ ತಿಳಿಯಲು ಇನ್ನೊಬ್ಬನನ್ನು ನೆನೆಯಲೇಬೇಕು. ಅವನು ಸಿಡ್ನಿಯವನು.

ವಿಯರ್ ಗಾರ್ಡನ್ ಚೈಲ್ಡ್ ಹುಟ್ಟಿದ್ದು 1892ರಲ್ಲಿ, ಸಿಡ್ನಿ ಬಂದರಿನ ಉತ್ತರ ದಡದಲ್ಲಿ. ನನ್ನ ಮಗಳ ಮನೆ ಈಗ ಅದೇ ದಂಡೆಯಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ಸೇತುವೆ ಇಲ್ಲದ ಕಾಲದಲ್ಲಿ ದೋಣಿ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದ ಆ ಹುಡುಗನನ್ನು ಕಲ್ಪಿಸಿಕೊಳ್ಳುತ್ತೇನೆ. ಮೊದಲ ಮಹಾಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕೆ ಅವನು ಸ್ವಂತ ಊರಿನಲ್ಲಿಯೇ ಕೆಲಸ ಕಳೆದುಕೊಂಡ. 1921ರಲ್ಲಿ ದೇಶ ಬಿಟ್ಟು ಹೋಗಿ, 1927ರಲ್ಲಿ ಎಡಿನ್‌ಬರೊದಲ್ಲಿ ಪ್ರಾಧ್ಯಾಪಕನಾದ. ಮರುವರ್ಷದಿಂದ 1930ರವರೆಗೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪದ ಸ್ಕಾರಾ ಬ್ರೇ ಎಂಬ ಹೊಸ ಶಿಲಾಯುಗದ ಹಳ್ಳಿಯನ್ನು ಅಗೆದ. ಸಮುದ್ರದ ಅಂಚಿನ ಮರಳಿನಡಿ ಮುಚ್ಚಿದ್ದ, ಕಲ್ಲಿನ ಮಂಚ, ಕಲ್ಲಿನ ಕಪಾಟು, ಕಲ್ಲಿನ ಒಲೆಕಟ್ಟೆಗಳಿದ್ದ ಮನೆಗಳು ಅವು. 1936ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಮನುಷ್ಯ ಬೇಟೆ, ಸಂಗ್ರಹ ಬಿಟ್ಟು ಬೇಸಾಯಕ್ಕೆ ಇಳಿದದ್ದನ್ನು ನವಶಿಲಾಯುಗದ ಕ್ರಾಂತಿ ಎಂದು ವಿವರಿಸಿದ. ಈ ಮಾತನ್ನು ನಾವೆಲ್ಲ ಶಾಲೆಯ ಪಠ್ಯದಲ್ಲಿ ಓದಿದವರೇ.

ಆ ಕ್ರಾಂತಿಯ ಚಿತ್ರದಲ್ಲಿ ನಡುವೆ ಇದ್ದದ್ದು ಪಶ್ಚಿಮ ಏಷ್ಯಾ, ಗೋಧಿ, ಬಾರ್ಲಿ. ಕಾಳು ಬಂದಲ್ಲಿ ಕಣಜ ಬರುತ್ತದೆ. ಕಣಜ ತುಂಬಿದಲ್ಲಿ ಊರು, ತೆರಿಗೆ, ಅರಸು, ಅಕ್ಷರ ಬರುತ್ತವೆ. ಮೊದಲಿಂದಲೂ ಕಾಳಿನ ಕಡೆಯಿಂದಲೇ ಬರೆಯಲ್ಪಟ್ಟ ಕಥೆ ಇದು. ಇದಕ್ಕೆ ಕಾರಣವೂ ಉಂಟು. ಸುಟ್ಟು ಕರಿಯಾದ ಗೋಧಿಕಾಳು ಹತ್ತು ಸಾವಿರ ವರ್ಷ ಮಣ್ಣಿನಲ್ಲಿ ಉಳಿಯುತ್ತದೆ. ಕೆಸುವಿನ ಗಡ್ಡೆ ಒಂದು ಮಳೆಗಾಲಕ್ಕೆ ಕೊಳೆತು ಹೋಗುತ್ತದೆ. ಸಾಕಿದ ಬಾಳೆಗೆ ಬೀಜವೇ ಇಲ್ಲ. ಗೆಣಸನ್ನು ಬೇಕಾದಾಗ ಕಿತ್ತು ತಿನ್ನುವವರಿಗೆ ಕಣಜ ಬೇಡ. ಹೀಗೆ ಗಡ್ಡೆ, ಬಾಳೆ, ಕಬ್ಬು ಬೆಳೆದು ಬದುಕಿದವರು ಪುರಾತತ್ವದ ಜರಡಿಯಲ್ಲಿ ನಿಲ್ಲದೆ ಸೋರಿಹೋದರು. ಚೈಲ್ಡ್ 1957ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದ. ಒಂದು ಕಾಲಕ್ಕೆ ಅವನನ್ನು ಹೊರಗಿಟ್ಟ ಊರಿನ ಸಿಡ್ನಿ ವಿಶ್ವವಿದ್ಯಾಲಯ ಆ ವರ್ಷ ಅವನಿಗೆ ಗೌರವ ಪದವಿ ಕೊಟ್ಟಿತು. ಅಕ್ಟೋಬರ್ 19ರಂದು ಅವನು ಸಿಡ್ನಿಯ ಪಶ್ಚಿಮಕ್ಕಿರುವ ನೀಲಿಬೆಟ್ಟಗಳ ಗೊವೆಟ್ಸ್ ಲೀಪ್ ಎಂಬಲ್ಲಿ ಪ್ರಪಾತಕ್ಕೆ ಬಿದ್ದು ತೀರಿಕೊಂಡ. ಅವನ ತವರು ದೇಶದ ಉತ್ತರಕ್ಕೆ, ಸಮುದ್ರದ ಒಂದು ಕಿರುತೋಳಿನಾಚೆ ಇರುವ ನ್ಯೂಗಿನಿ ದ್ವೀಪದ ಜೌಗಿನಲ್ಲಿ ಆಗಲೇ ಆ ಕಾಲುವೆಗಳು ಇದ್ದವು. ಯಾರೂ ಕತ್ತರಿಸಿ ನೋಡಿರಲಿಲ್ಲ.

ನ್ಯೂಗಿನಿ ಜಗತ್ತಿನ ಎರಡನೆಯ ಅತಿ ದೊಡ್ಡ ದ್ವೀಪ. ಅದರ ನಡುವಿನ ಎತ್ತರದ ಬೆಟ್ಟಸಾಲುಗಳಲ್ಲಿ ಜನವಸತಿಯೇ ಇಲ್ಲವೆಂದು ಕರಾವಳಿಯ ಬಿಳಿಯ ಆಡಳಿತಗಾರರು ನಂಬಿದ್ದರು. 1933ರಲ್ಲಿ ಆಸ್ಟ್ರೇಲಿಯಾದ ಚಿನ್ನ ಹುಡುಕುವವರಾದ ಲೇಹಿ ಸೋದರರು ವಿಮಾನದಲ್ಲಿ ವಾಘಿ ಕಣಿವೆಯ ಮೇಲೆ ಹಾರಿದಾಗ ಕೆಳಗೆ ಕಂಡದ್ದು ಕಾಡಲ್ಲ. ಕಾಲುವೆಗಳಿಂದ ಚೌಕ ಚೌಕವಾಗಿ ಹಂಚಿದ ತೋಟಗಳು, ಬೇಲಿ, ಹುಲ್ಲುಮನೆ, ಸಾವಿರಾರು ಜನ. ಆದರೂ ಅವರ ಬೇಸಾಯ ಇತ್ತೀಚಿನದು, ಏಷ್ಯಾದಿಂದ ಯಾರೋ ತಂದುಕೊಟ್ಟದ್ದು ಎಂಬ ಊಹೆಯೇ ಮುಂದೆಯೂ ನಡೆಯಿತು.

1966ರಲ್ಲಿ ವಾಘಿ ಕಣಿವೆಯಲ್ಲಿ ಒಬ್ಬ ತೋಟಗಾರ ಚಹಾ ಹಾಕಲೆಂದು ಜೌಗಿನ ನೀರು ಬಸಿಯಲು ಕಾಲುವೆ ತೋಡಿಸಿದ. ಮಣ್ಣಿನೊಳಗಿಂದ ಮರದ ಅಗೆಗೋಲು, ಹುಟ್ಟಿನಾಕಾರದ ಮರದ ಸಲಿಕೆ, ಕಲ್ಲುಕೊಡಲಿ ಹೊರಬಂದವು. ಗೋಲ್ಸನ್ ಅಲ್ಲಿಗೆ ಹೋದ. ಒಂದು ಅಗೆಗೋಲಿನ ಇಂಗಾಲ ಕಾಲಗಣನೆ ಸುಮಾರು 2300 ವರ್ಷ ಎಂದು ಬಂತು. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಾಡದೆ ಮರ ಕೊಳೆಯದೆ ಉಳಿದಿತ್ತು. ಹತ್ತಿರದಲ್ಲಿಯೇ, ಮೌಂಟ್ ಹೇಗನ್ ಪಟ್ಟಣದ ಸನಿಹ, ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದ ಕುಕ್ ಎಂಬ ಜೌಗುಭೂಮಿಯಲ್ಲಿ 1969ರಲ್ಲಿ ಸರ್ಕಾರ ಚಹಾ ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲೂ ಬಸಿಗಾಲುವೆ ತೋಡಿದರು. 1972ರಿಂದ 1977ರವರೆಗೆ ಗೋಲ್ಸನ್ ಮತ್ತು ಭೂರೂಪಶಾಸ್ತ್ರಜ್ಞ ಫಿಲಿಪ್ ಹ್ಯೂಸ್ ಆ ಹೊಸ ಕಾಲುವೆಗಳ ಗೋಡೆ ಗೋಡೆಯನ್ನೂ ಕೆರೆದು, ಅಳೆದು, ಚಿತ್ರ ಬರೆದರು. ಅಗೆದವರು ಆ ನೆಲದ ಒಡೆಯರಾದ ಕವೆಲ್ಕ ಜನ. ಕಾಲುವೆ ಎಂದರೇನು, ಯಾವ ಇಳಿಜಾರಿಗೆ ಎಷ್ಟು ಆಳ, ಬದಿ ಏಕೆ ಕುಸಿಯುತ್ತದೆ ಎಂಬುದು ಅವರಿಗೆ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಗೊತ್ತಿತ್ತು. ಡೆನ್ಮಾರ್ಕಿನ ಸ್ಟೀನ್ಸ್‌ಬರ್ಗ್ ಕೂಡ ಬಂದು, ಅವರ ತೋಟದ ಕೆಲಸವನ್ನು ನೋಡಿ ನೋಡಿ ಒಂದು ಪುಸ್ತಕವನ್ನೇ ಬರೆದ.

ನಾನು ಹುಟ್ಟಿದ್ದು ಸಿದ್ದಾಪುರ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ನೀರು ನಿಲ್ಲುವ ಜಾಗದಲ್ಲಿಯೇ ನಮ್ಮವರು ತೋಟ ಮಾಡಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ಬೇಕಾದದ್ದು ನೀರು ತರುವ ಕಾಲುವೆಯಲ್ಲ, ನೀರು ಕಳೆಯುವ ಕಾದಿಗೆ. ಎರಡು ಕಾದಿಗೆಗಳ ನಡುವಿನ ಏರು ಮಣ್ಣಿನಲ್ಲಿ ಅಡಿಕೆ, ಅದರ ಜೊತೆ ಬಾಳೆ; ಕಾದಿಗೆಯ ಅಂಚಿನ ಹಸಿಯಲ್ಲಿ ಕೆಸು. ವರ್ಷಕ್ಕೊಮ್ಮೆ ಹೂಳೆತ್ತಿ ಆ ಕೆಸರು ಮಣ್ಣನ್ನೇ ಗಿಡದ ಬುಡಕ್ಕೆ ಹಾಕುತ್ತಾರೆ. ಕುಕ್‌ನ ನಕ್ಷೆಗಳನ್ನು ಮೊದಲ ಸಲ ನೋಡಿದಾಗ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ಒಂದು ದೊಡ್ಡ ಹೊರಗಾಲುವೆ, ಅದಕ್ಕೆ ಬಂದು ಕೂಡುವ ಸಣ್ಣವು, ನಡುವೆ ಎತ್ತರಿಸಿದ ಮಡಿ. ನನ್ನ ಅಪ್ಪ ಆ ನಕ್ಷೆ ನೋಡಿದ್ದರೆ ನೀರು ಯಾವ ಕಡೆ ಹೋಗುತ್ತದೆಂದು ಬೆರಳಿಟ್ಟು ತೋರಿಸುತ್ತಿದ್ದರು.

ಗೋಲ್ಸನ್ ತಂಡ ಒಟ್ಟು ಆರು ಹಂತಗಳನ್ನು ಗುರುತಿಸಿತು. ತೀರ ಕೆಳಗಿನದು ಸುಮಾರು ಹತ್ತು ಸಾವಿರ ವರ್ಷ ಹಿಂದಿನದು. ಒಂದು ನೀರುಹರಿವಿನ ದಾರಿ, ಅದರ ಪಕ್ಕ ಗುಂಡಿಗಳು, ಗೂಟ ನೆಟ್ಟ ತೂತುಗಳು. ಅದರ ಮೇಲೆ ಬೂದು ಬಣ್ಣದ ಜೇಡಿಯ ಪದರ. ಸುತ್ತಲ ಗುಡ್ಡಗಳಲ್ಲಿ ಕಾಡು ಕಡಿದು ಬೇಸಾಯ ಮಾಡಿದ್ದರಿಂದ ಕೊಚ್ಚಿ ಬಂದ ಮಣ್ಣು ಅದು ಎಂದು ಗೋಲ್ಸನ್, ಹ್ಯೂಸ್ ಓದಿದರು. ಎರಡನೆಯ ಹಂತ ಸುಮಾರು 7000ದಿಂದ 6400 ವರ್ಷ ಹಿಂದಿನದು. ಅಲ್ಲಿ ಸಾಲು ಸಾಲಾದ ದಿಬ್ಬಗಳ ಬುಡ ಸ್ಪಷ್ಟವಾಗಿ ಸಿಕ್ಕಿತು. ದಿಬ್ಬದ ಮೇಲೆ ಒಣ ಬೇಡುವ ಬಾಳೆ, ಗೆಣಸು. ದಿಬ್ಬಗಳ ನಡುವಿನ ತಗ್ಗಿನಲ್ಲಿ ನೀರು ಸಹಿಸುವ ಕೆಸು. ಒಂದೇ ನೆಲದಲ್ಲಿ ಎರಡು ಬಗೆಯ ಬೆಳೆಗೆ ಎರಡು ಬಗೆಯ ಮಣ್ಣು ಮಾಡಿಕೊಂಡವರ ಲೆಕ್ಕಾಚಾರ ಇದು. ಮೂರನೆಯ ಹಂತದಲ್ಲಿ, ಸುಮಾರು 4000 ವರ್ಷಗಳ ಹಿಂದಿನಿಂದ, ನೇರವಾಗಿ ತೋಡಿ ಒಂದಕ್ಕೊಂದು ಜೋಡಿಸಿದ ಕಾಲುವೆಗಳು ಬರುತ್ತವೆ. ಆ ಮೂರನೆಯ ಹಂತದ ಕಾಲುವೆಗಳ ಮುಂದೆ ಯಾವ ಎಂಜಿನಿಯರನೂ ಗೌರವದಿಂದ ನಿಲ್ಲುತ್ತಾನೆ. ಕಬ್ಬಿಣವಿಲ್ಲ, ಎತ್ತಿಲ್ಲ, ಮಟ್ಟ ನೋಡುವ ಉಪಕರಣವಿಲ್ಲ. ಮರದ ಸಲಿಕೆಯಲ್ಲಿ ತೋಡಿದ ಕಾಲುವೆ ನೀರನ್ನು ಸರಿಯಾಗಿ ಹೊರಗೆ ಒಯ್ದಿದೆ.

ಕೊನೆಯ ಹಂತಗಳ ಕಾಲವನ್ನು ಹಿಡಿದುಕೊಟ್ಟದ್ದು ಜ್ವಾಲಾಮುಖಿಯ ಬೂದಿ. ಇಲ್ಲಿ ಸಿಡ್ನಿಯ ಒಬ್ಬ ವಿಜ್ಞಾನಿಯ ಮಾತು ಬರುತ್ತದೆ. ಮ್ಯಾಕ್ವಾರಿ ವಿಶ್ವವಿದ್ಯಾಲಯದ ರಸೆಲ್ ಬ್ಲಾಂಗ್. ಬೆಟ್ಟನಾಡಿನ ಜನರಲ್ಲಿ, ಹಿಂದೊಮ್ಮೆ ಹಗಲಲ್ಲೇ ಕತ್ತಲಾಯಿತು, ಆಕಾಶದಿಂದ ಮಣ್ಣು ಸುರಿಯಿತು, ಮನೆಯ ಮಾಡು ಕುಸಿಯದಂತೆ ಬೂದಿ ಗುಡಿಸಿದರು ಎಂಬ ಕಥೆಗಳು ಊರೂರಿನಲ್ಲಿ ಇದ್ದವು. ಬ್ಲಾಂಗ್ ಆ ಕಥೆಗಳನ್ನೂ ಮಣ್ಣಿನಲ್ಲಿ ಸಿಗುವ ತೆಳ್ಳನೆಯ ಬೂದಿಪದರವನ್ನೂ ಜೊತೆಗಿಟ್ಟು ನೋಡಿದ. ಎರಡೂ ಒಂದೇ ಘಟನೆಯವು: ಉತ್ತರ ಕರಾವಳಿಯಾಚೆಯ ಲಾಂಗ್ ಐಲ್ಯಾಂಡ್ ಜ್ವಾಲಾಮುಖಿ 17ನೆಯ ಶತಮಾನದಲ್ಲಿ ಸ್ಫೋಟಿಸಿದ್ದು. 1982ರಲ್ಲಿ ಅವನ ಪುಸ್ತಕ ಬಂತು. ಕುಕ್‌ನ ಕಾಲುವೆಯೊಂದು ಆ ಬೂದಿಪದರವನ್ನು ಕತ್ತರಿಸಿಕೊಂಡು ಹೋಗಿದ್ದರೆ ಅದು ಬೂದಿ ಬಿದ್ದ ಮೇಲೆ ತೋಡಿದ್ದು. ಬೂದಿ ಕಾಲುವೆಯ ಒಳಗೆ ಇಳಿದಿದ್ದರೆ ಮೊದಲೇ ತೋಡಿದ್ದು. ಅಜ್ಜಿಯರು ಹೇಳಿಕೊಂಡು ಬಂದ ಕಥೆಗೆ ವಿಜ್ಞಾನ ಇಷ್ಟು ಮರ್ಯಾದೆ ಕೊಟ್ಟ ಉದಾಹರಣೆ ನನಗೆ ಬಹಳ ಪ್ರಿಯ. ಆ ಬೂದಿ ಬಿದ್ದ ಮೇಲಿನ ಹಂತದಲ್ಲಿಯೇ ದಕ್ಷಿಣ ಅಮೆರಿಕ ಮೂಲದ ಸಿಹಿಗೆಣಸು ಬೆಟ್ಟನಾಡಿಗೆ ಹಬ್ಬಿ, ಚಳಿಯ ಎತ್ತರಗಳಲ್ಲೂ ಬೆಳೆದು, ಹಂದಿ ಸಾಕಣೆಯನ್ನೂ ಜನಸಂಖ್ಯೆಯನ್ನೂ ಹೆಚ್ಚಿಸಿತೆಂದು ಗೋಲ್ಸನ್ ವಾದಿಸಿದ.

ಎಪ್ಪತ್ತರ ದಶಕದಲ್ಲಿಯೇ ಗೋಲ್ಸನ್ ಇದನ್ನು ಜಗತ್ತಿನ ಮುಂದೆ ಇಟ್ಟಾಗ ಒಪ್ಪಿದವರು ಕೆಲವರು, ಅನುಮಾನಿಸಿದವರು ಹಲವರು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಕಾಲುವೆ ಸಿಕ್ಕಿದೆ, ಬೆಳೆ ಎಲ್ಲಿ? ಕೆಳಗಿನ ಹಂತದ ನೀರುದಾರಿ ಪ್ರಕೃತಿ ತಾನೇ ಕೊರೆದದ್ದು ಏಕಾಗಬಾರದು? ಒಂದು ಕಾಳೂ ಇಲ್ಲ, ಒಂದು ಗಡ್ಡೆಯ ಚೂರೂ ಇಲ್ಲ. ಗೋಲ್ಸನ್‌ನ ಬಳಿ ಇದ್ದದ್ದು ಆಕಾರಗಳು ಮಾತ್ರ. ಅವನು ಹಟಕ್ಕೆ ಬಿದ್ದು ಕೂಗಾಡಲಿಲ್ಲ. ಮಣ್ಣಿನ ಮಾದರಿಗಳನ್ನೂ ಕಲ್ಲಿನ ಉಪಕರಣಗಳನ್ನೂ ಚಿತ್ರಗಳನ್ನೂ ಜೋಪಾನವಾಗಿ ಇಟ್ಟುಕೊಂಡ. 1991ರಲ್ಲಿ ನಿವೃತ್ತನಾದ.

ಉತ್ತರ ಬಂದದ್ದು ಸೂಕ್ಷ್ಮದರ್ಶಕದಿಂದ. ಗಡ್ಡೆ ಕೊಳೆತು ಹೋದರೂ ಅದನ್ನು ಕೊಯ್ದ, ಕೆರೆದ ಕಲ್ಲಿನ ಅಂಚಿನ ಬಿರುಕುಗಳಲ್ಲಿ ಪಿಷ್ಟದ ಕಣಗಳು ಅಂಟಿಕೊಂಡು ಉಳಿಯುತ್ತವೆ. ಬಾಳೆಗೆ ಬೀಜವಿಲ್ಲದಿದ್ದರೂ ಅದರ ಎಲೆಯ ಜೀವಕೋಶಗಳಲ್ಲಿ ಮರಳಿನಂಥ ಸಿಲಿಕಾ ಕಣಗಳು ಇರುತ್ತವೆ. ಎಲೆ ಕೊಳೆತ ಮೇಲೂ ಅವು ತಮ್ಮ ಆಕಾರದಲ್ಲಿಯೇ ಮಣ್ಣಿನಲ್ಲಿ ಕೂರುತ್ತವೆ. ಉತ್ತರ ಸಾಲೊಮನ್‌ನ ಬೂಕಾ ದ್ವೀಪದ ಕಿಲು ಗುಹೆಯ ಕಲ್ಲುಗಳ ಮೇಲೆ 28,000 ವರ್ಷ ಹಿಂದಿನ ಕೆಸುವಿನ ಪಿಷ್ಟ ಇದೆಯೆಂದು 1992ರಲ್ಲಿ ಟಾಮ್ ಲಾಯ್, ಮ್ಯಾಥ್ಯೂ ಸ್ಪ್ರಿಗ್ಸ್ ಮತ್ತು ಸ್ಟೀಫನ್ ವಿಕ್ಲರ್ ಪ್ರಕಟಿಸಿದ್ದರು. ಆ ವಿದ್ಯೆಯನ್ನು ಕುಕ್‌ಗೆ ತಂದವನು ಟಿಮ್ ಡೆನಮ್. ತೊಂಬತ್ತರ ದಶಕದ ಕೊನೆಯಲ್ಲಿ ಅವನು ಗೋಲ್ಸನ್ ಅಗೆದ ಜಾಗದಲ್ಲಿಯೇ ಮತ್ತೆ ಅಗೆದ. ಸಿಡ್ನಿಯಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಫುಲ್ಲಗರ್, ಜುಡಿತ್ ಫೀಲ್ಡ್ ಕಲ್ಲುಗಳ ಮೇಲಿನ ಪಿಷ್ಟ ನೋಡಿದರು. ಕ್ಯಾರಲ್ ಲೆಂಟ್‌ಫರ್ ಬಾಳೆಯ ಸಿಲಿಕಾ ಕಣ ನೋಡಿದಳು. 2003ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸುಮಾರು 7000 ವರ್ಷಗಳ ಹಿಂದೆ ಕುಕ್‌ನಲ್ಲಿ ಬಾಳೆ ಬೆಳೆಸುತ್ತಿದ್ದರು. ಅದಕ್ಕೂ ಹಿಂದಿನ ಹಂತದ ಕಲ್ಲುಗಳ ಮೇಲೆ ಕೆಸುವಿನ ಪಿಷ್ಟ ಇತ್ತು. ಹತ್ತು ಸಾವಿರ ವರ್ಷದ ಹಂತವನ್ನು ಪೂರ್ಣ ಬೇಸಾಯ ಎನ್ನಬೇಕೆ, ಬೇಸಾಯದ ಹೊಸ್ತಿಲು ಎನ್ನಬೇಕೆ ಎಂಬುದರಲ್ಲಿ ಡೆನಮ್ ಗೋಲ್ಸನ್‌ಗಿಂತ ಜಾಗರೂಕನಾಗಿದ್ದಾನೆ. ಆದರೆ ದೊಡ್ಡ ಮಾತು ನಿಂತಿತು. ಬೇಸಾಯ ಯಾರಿಂದಲೂ ಕಲಿಯದೆ ಹುಟ್ಟಿದ ಜಗತ್ತಿನ ಕೆಲವೇ ಕೆಲವು ಜಾಗಗಳಲ್ಲಿ ನ್ಯೂಗಿನಿಯ ಬೆಟ್ಟನಾಡು ಒಂದು.

ಗೋಲ್ಸನ್ ಕಾಲುವೆ ಅಗೆದು ಮುಗಿಸಿದಾಗ ಆ ಸೂಕ್ಷ್ಮದರ್ಶಕದ ವಿದ್ಯೆ ಇನ್ನೂ ಬೆಳೆದಿರಲಿಲ್ಲ. ಆದರೂ ಅವನು ಎತ್ತಿಟ್ಟದ್ದು ಉಪಯೋಗಕ್ಕೆ ಬಂತು. ಈಗ ಉತ್ತರ ಸಿಗದ ಪ್ರಶ್ನೆಗೂ ಸಾಕ್ಷ್ಯ ಎತ್ತಿಡುವ ಆ ಶಿಸ್ತನ್ನು ನಾನು ಅವನ ಎಲ್ಲ ಸಿದ್ಧಾಂತಗಳಿಗಿಂತ ಮೇಲೆ ಇಡುತ್ತೇನೆ.

ಈ ಬಾಳೆ ನಮ್ಮ ಬಾಳೆಯೂ ಹೌದು. ಜಗತ್ತು ತಿನ್ನುವ ಎಷ್ಟೋ ಬಾಳೆತಳಿಗಳ ವಂಶವಾಹಿಯಲ್ಲಿ ನ್ಯೂಗಿನಿಯ ಬ್ಯಾಂಕ್ಸಿ ಎಂಬ ಕಾಡುಬಾಳೆಯ ಪಾಲಿದೆ. ಪೂರ್ವದಿಂದ ಬಂದ ಅಕ್ಯುಮಿನಾಟ ಕುಲದ ಬಾಳೆ, ಭಾರತ ಮತ್ತು ಆಸುಪಾಸಿನ ಬೀಜಬಾಳೆಯಾದ ಬಾಲ್ಬಿಸಿಯಾನದೊಡನೆ ಕೂಡಿ ಹುಟ್ಟಿದ ಸಂತಾನ ನಮ್ಮ ಏಲಕ್ಕಿ ಬಾಳೆ, ನಂಜನಗೂಡಿನ ರಸಬಾಳೆ. ಮಂಡ್ಯದ ಗದ್ದೆಯ ಕಬ್ಬಿನ ಮೂಲದಲ್ಲೂ ನ್ಯೂಗಿನಿಯ ದಪ್ಪಕಬ್ಬು ಇದೆ. ಪೂಜೆಗೆ ಕಟ್ಟುವ ಬಾಳೆಕಂದು, ಸಂಕ್ರಾಂತಿಗೆ ನಿಲ್ಲಿಸುವ ಕಬ್ಬಿನ ಜಲ್ಲೆ ಎರಡೂ ಒಂದು ಕಾಲಕ್ಕೆ ಮರದ ಸಲಿಕೆ ಹಿಡಿದವರ ಕೈಯಿಂದ ಹೊರಟವು. ಮೆಲ್ಬರ್ನಿನ ಚಳಿಗೆ ನನ್ನ ಹಿತ್ತಲಲ್ಲಿ ಬಾಳೆ ಗೊನೆ ಹಾಕುವುದಿಲ್ಲ. ಕೆಸು ಮಾತ್ರ ಬೇಸಿಗೆಯಲ್ಲಿ ಎಲೆ ಬಿಡುತ್ತದೆ. ಪತ್ರೊಡೆಗೆ ಅಷ್ಟು ಸಾಕು. ಗಡ್ಡೆ ಬೇಕಾದರೆ ಡ್ಯಾಂಡೆನಾಂಗ್ ಮಾರುಕಟ್ಟೆಗೆ ಹೋಗುತ್ತೇನೆ. ಅಲ್ಲಿ ಫಿಜಿಯಿಂದ ಬಂದ ದೊಡ್ಡ ಕೆಸುವಿನ ಗಡ್ಡೆಗಳನ್ನು ಸಾಮೋವಾದ ಹೆಂಗಸರು ಉಗುರಿನಿಂದ ಗೀರಿ ಪರೀಕ್ಷಿಸಿ ಆರಿಸುತ್ತಾರೆ. 1993ರಲ್ಲಿ ಎಲೆರೋಗ ಬಂದು ಸಾಮೋವಾದ ಕೆಸುಬೆಳೆ ಇಡೀ ನೆಲಕಚ್ಚಿತ್ತು. ಆ ವರ್ಷದ ಮಾತನ್ನು ಅವರಲ್ಲಿ ವಯಸ್ಸಾದವರು ನಮ್ಮ ಕಡೆಯವರು ಬರದ ವರ್ಷವನ್ನು ನೆನೆಯುವ ದನಿಯಲ್ಲಿ ಹೇಳುತ್ತಾರೆ.

ಕರ್ನಾಟಕದ ಹಳೆಯ ಬೇಸಾಯವನ್ನೂ ನಾವು ಕಾಳಿನ ಕಡೆಯಿಂದಲೇ ತಿಳಿದಿದ್ದೇವೆ. ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರುಗಳ ಬೂದುಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಿಯಾದ ಕಾಳು ಹೆಕ್ಕಿ, ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದವರು ಹುರುಳಿ, ಹೆಸರು, ಕೊರಲೆಗಳನ್ನು ದಖ್ಖನ್ನಿನ ಜನ ತಾವಾಗಿಯೇ ಪಳಗಿಸಿದರೆಂದು ತೋರಿಸಿದ್ದಾರೆ. ಇದು ನಮ್ಮ ಮಕ್ಕಳು ಶಾಲೆಯಲ್ಲಿ ಓದಲೇಬೇಕಾದ ಸಂಗತಿ. ಅದು ಬಯಲುಸೀಮೆಯ ಕಥೆ. ಮಲೆನಾಡಿನ ತಗ್ಗುಗಳಲ್ಲಿ ಮಳೆ ಎಲ್ಲವನ್ನೂ ಕೊಳೆಸುತ್ತದೆ, ಕಾಳು ಉಳಿಯುವುದು ಕಷ್ಟ. ಪಿಷ್ಟ, ಸಿಲಿಕಾ, ಕಾಲುವೆಯ ಗೋಡೆ ಈ ಮೂರನ್ನೂ ಹಿಡಿದು ನಮ್ಮ ತೋಟದ ಕಣಿವೆಗಳಲ್ಲಿ ಯುವ ಸಂಶೋಧಕರು ಕೂರಬೇಕೆಂಬುದು ನನ್ನ ದೊಡ್ಡ ಆಸೆ.

ಇದೆಲ್ಲ ಬರೀ ಪಾಂಡಿತ್ಯದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ನೆಲದ ಹಕ್ಕಿನ ಪ್ರಶ್ನೆಗೆ ಬೇಸಾಯದ ಪ್ರಶ್ನೆ ಬಹುಕಾಲ ಗಂಟುಬಿದ್ದಿತ್ತು. ಇಲ್ಲಿನ ಮೂಲನಿವಾಸಿಗಳು ನೆಲ ಉಳದವರು, ಆದ್ದರಿಂದ ನೆಲ ಯಾರದ್ದೂ ಅಲ್ಲ ಎಂಬ ವಾದದ ಮೇಲೆ ಒಂದು ಖಂಡವನ್ನೇ ತೆಗೆದುಕೊಂಡರು. ಆ ವಾದ ಮುರಿದದ್ದು ಒಂದು ದ್ವೀಪದ ತೋಟಗಳಿಂದ. ನ್ಯೂಗಿನಿ, ಆಸ್ಟ್ರೇಲಿಯಾಗಳ ನಡುವಿನ ಟಾರಸ್ ಜಲಸಂಧಿಯಲ್ಲಿ ಮೇರ್ ಎಂಬ ಸಣ್ಣ ದ್ವೀಪವಿದೆ. ಅಲ್ಲಿನ ಜನ ಗೆಣಸು, ಬಾಳೆ ಬೆಳೆಯುವವರು. ಯಾವ ತೋಟ ಯಾವ ಮನೆಯದು, ಎಲ್ಲೆ ಎಲ್ಲಿ ಎಂಬುದು ತಲೆಮಾರುಗಳಿಂದ ಅವರಿಗೆ ಗೊತ್ತು. ಇನ್ನೊಬ್ಬರ ತೋಟಕ್ಕೆ ಕಾಲಿಡಬಾರದೆಂಬುದು ಅವರ ಮಾಲೋ ದೇವರ ಕಟ್ಟಳೆ. ಎಡಿ ಕೊಯಿಕಿ ಮಾಬೊ ಮತ್ತು ಸಂಗಡಿಗರು 1982ರಲ್ಲಿ ಮೊಕದ್ದಮೆ ಹೂಡಿದರು. ಅವರ ಪರ ವಾದಿಸಿದವರ ಮುಂದಾಳು ಮೆಲ್ಬರ್ನಿನ ವಕೀಲ ರಾನ್ ಕಾಸ್ಟನ್. 1992ರ ಜೂನ್ 3ರಂದು ಹೈಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತು. ಮಾಬೊ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ. ತೀರ್ಪು ತೋಟ ಇಲ್ಲದವರಿಗೂ ಅನ್ವಯಿಸಿತೆಂಬುದು ಅದರ ದೊಡ್ಡತನ. ಬೇಸಾಯ ಮಾಡಿದವರಿಗೆ ಮಾತ್ರ ನೆಲ ಎಂಬ ಅಳತೆಗೋಲೇ ತಪ್ಪು.

ಕಾಲುವೆ ತೋಡಲು ಬೇಸಾಯವೇ ಬೇಕೆಂದೂ ಇಲ್ಲ. ನಾನಿರುವ ವಿಕ್ಟೋರಿಯಾ ರಾಜ್ಯದ ನೈಋತ್ಯದಲ್ಲಿ, ಬುಜ್ ಬಿಮ್ ಎಂಬ ಲಾವಾನೆಲದಲ್ಲಿ ಗುಂಡಿಚ್‌ಮಾರ ಜನ ಕಪ್ಪುಕಲ್ಲು ಸರಿಸಿ, ಕೊರೆದು, ಕಟ್ಟೆ ಕಟ್ಟಿ ಹಾವುಮೀನು ಹಿಡಿಯುವ ಕಾಲುವೆಗಳನ್ನು ಮಾಡಿದರು. ಮೆಲ್ಬರ್ನಿನ ಮೊನಾಷ್ ವಿಶ್ವವಿದ್ಯಾಲಯದ ಇಯಾನ್ ಮ್ಯಾಕ್‌ನಿವನ್ ತಂಡ ಅವುಗಳಲ್ಲೊಂದರ ವಯಸ್ಸು ಸುಮಾರು 6600 ವರ್ಷ ಎಂದು ಕಂಡುಹಿಡಿಯಿತು. 2019ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಹೋದಾಗ ಗುಂಡಿಚ್‌ಮಾರ ಮಾರ್ಗದರ್ಶಿ ನೀರು ಬರುವ ಕಾಲ, ಮೀನು ತಿರುಗುವ ಕಡೆಗಳನ್ನು ವಿವರಿಸುತ್ತಿದ್ದಾಗ ನಾನು ನನ್ನ ಉದ್ಯೋಗದ ಹಿರಿಯರೊಬ್ಬರ ಮುಂದೆ ನಿಂತಂತೆ ಕೇಳಿದೆ.

ಬೇಸಾಯ ಟಾರಸ್ ಜಲಸಂಧಿಯಲ್ಲಿ ನಿಂತುಹೋಯಿತು, ಆಚೆ ತೋಟಗಾರರು, ಈಚೆ ಬೇಟೆಗಾರರು ಎಂಬ ಗೆರೆಯೂ ಈಗ ಮಾಸುತ್ತಿದೆ. ಜಲಸಂಧಿಯ ಮಬುಯಾಗ್ ದ್ವೀಪದ ವಾಗಡಗಮ್ ಎಂಬಲ್ಲಿ ಇಳಿಜಾರಿಗೆ ಕಲ್ಲು ಕಟ್ಟಿದ ಮೆಟ್ಟಿಲುಗದ್ದೆಗಳಿವೆ. ಆಗ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ, ಸ್ವತಃ ಮೂಲನಿವಾಸಿ ಸಮುದಾಯದವನಾದ ರಾಬರ್ಟ್ ವಿಲಿಯಮ್ಸ್ ಆ ಮಣ್ಣಿನಲ್ಲಿ ಬಾಳೆಯ ಸಿಲಿಕಾ ಕಣ, ಪಿಷ್ಟ, ಇದ್ದಿಲು ಹುಡುಕಿ, ಸುಮಾರು 2000 ವರ್ಷಗಳ ಹಿಂದೆ ಅಲ್ಲಿ ಬಾಳೆ ಬೆಳೆಸುತ್ತಿದ್ದರೆಂದು 2020ರಲ್ಲಿ ಪ್ರಕಟಿಸಿದ. ಸಹಲೇಖಕರಲ್ಲಿ ಟಿಮ್ ಡೆನಮ್ ಇದ್ದ. ಕುಕ್‌ನಲ್ಲಿ ಪಳಗಿದ ವಿದ್ಯೆ ಆಸ್ಟ್ರೇಲಿಯಾದ ನೆಲಕ್ಕೇ ಬಂದು ಉತ್ತರ ಹೇಳಿತು.

ಕುಕ್‌ನ ಒಡೆಯರ ಮಾತು ಉಳಿದಿದೆ. 1975ರ ಸೆಪ್ಟೆಂಬರ್ 16ರಂದು, ಅಗೆತ ನಡೆಯುತ್ತಿದ್ದ ಕಾಲದಲ್ಲಿಯೇ, ಪಾಪುವಾ ನ್ಯೂಗಿನಿ ಆಸ್ಟ್ರೇಲಿಯಾದ ಆಡಳಿತದಿಂದ ಸ್ವತಂತ್ರವಾಯಿತು. ಆಮೇಲೆ ಸಂಶೋಧನಾ ಕೇಂದ್ರ ಸೊರಗಿ ಮುಚ್ಚಿತು. ಕವೆಲ್ಕ ಜನ ಮರಳಿ ಅಲ್ಲಿ ತೋಟ ಹಾಕಿದರು, ತಮ್ಮ ಕಾಲುವೆ ತಾವೇ ತೋಡಿಕೊಂಡರು. ಆಳವಾಗಿ ತೋಡಿದರೆ ಹಳೆಯ ಪದರ ಹಾಳು, ತೋಡದಿದ್ದರೆ ಊಟವಿಲ್ಲ. ಆ ನಾಡಿನವನೇ ಆದ ಪುರಾತತ್ವಜ್ಞ ಜಾನ್ ಮುಕೆ ಒಡೆಯರ ಜೊತೆ ಕುಳಿತು ಮಾತಾಡಿ ಆ ನೆಲವನ್ನು ಉಳಿಸುವ ಕೆಲಸದಲ್ಲಿ ಮುಂದೆ ನಿಂತ. 2008ರಲ್ಲಿ 116 ಹೆಕ್ಟೇರಿನ ಆ ಜೌಗು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪಾಪುವಾ ನ್ಯೂಗಿನಿಯ ಮೊದಲ ತಾಣ ಅದು. ಗೋಲ್ಸನ್, ಡೆನಮ್, ಹ್ಯೂಸ್, ಪಮೇಲಾ ಸ್ವಾಡ್ಲಿಂಗ್, ಮುಕೆ ಸೇರಿ ಸಂಪಾದಿಸಿದ ಕುಕ್‌ನ ಪೂರ್ಣ ವರದಿ 2017ರಲ್ಲಿ ಪುಸ್ತಕವಾಗಿ ಬಂದಾಗ ಗೋಲ್ಸನ್‌ಗೆ ತೊಂಬತ್ತು ದಾಟಿತ್ತು. ಮೊದಲ ಗೋಡೆ ಕೆರೆದು ನಲವತ್ತು ವರ್ಷಗಳ ಮೇಲಾಗಿತ್ತು. ಅವನು 2023ರಲ್ಲಿ ತೀರಿಕೊಂಡ. ಪುಸ್ತಕವನ್ನು ಯಾರು ಬೇಕಾದರೂ ಹಣ ಕೊಡದೆ ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು. ಮೌಂಟ್ ಹೇಗನ್‌ನ ಶಾಲೆಯ ಮಕ್ಕಳೂ, ಸಿದ್ದಾಪುರದವರೂ.